ಕೊಳೆರೋಗ: ನಮ್ಮ ತೋಟದಿಂದ ಇಂಗ್ಲಿಷಿಗೆ ಹೋದ ಪದ (ಪದೇ ಪದೇ ಕೇಳುವ ಪ್ರಶ್ನೆಗಳು)

ಇಂಗ್ಲಿಷಿನ ಸಸ್ಯರೋಗದ ಪುಸ್ತಕಗಳಲ್ಲಿ ಒಂದು ಪದ ಸಿಗುತ್ತದೆ. ಅದರ ಅಕ್ಷರಗಳು ಕೆ, ಒ, ಎಲ್, ಇ, ಆರ್, ಒ, ಜಿ, ಎ. ಕೂಡಿಸಿ ಓದಿದರೆ ನಮ್ಮದೇ ಕೊಳೆರೋಗ.

ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಮನೆಯಲ್ಲಿ ಹುಟ್ಟಿದವಳು. ಈಗ ಶಿವಮೊಗ್ಗದಲ್ಲಿ ಇಂಗ್ಲಿಷ್ ಪಾಠ ಹೇಳುತ್ತೇನೆ. ಒಂದು ದಿನ ತರಗತಿಯಲ್ಲಿ ಈ ಪದವನ್ನು ಬೋರ್ಡಿನ ಮೇಲೆ ಬರೆದೆ. ಅವತ್ತಿನಿಂದ ಮಕ್ಕಳು ಪ್ರಶ್ನೆ ಕೇಳುತ್ತಲೇ ಇದ್ದಾರೆ. ಮಕ್ಕಳ ಅಪ್ಪ ಅಮ್ಮಂದಿರು ಅವರಿಗಿಂತ ಜಾಸ್ತಿ ಕೇಳಿದ್ದಾರೆ. ಆ ಪ್ರಶ್ನೆಗಳನ್ನೂ ನನಗೆ ಗೊತ್ತಿರುವ ಉತ್ತರಗಳನ್ನೂ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಇದು ನಿಜವಾಗಿ ಇಂಗ್ಲಿಷ್ ಪದವಾ, ಅಥವಾ ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದಾ?

ಹುಟ್ಟಿದ್ದು ಕನ್ನಡದಲ್ಲಿ. ಆದರೆ ಇಂಗ್ಲಿಷಿನಲ್ಲಿ ಅದಕ್ಕೆ ಸುಮಾರು 150 ವರ್ಷಗಳ ಬಾಳ್ವೆ ಇದೆ. ಶಾಲೆಯ ಸಣ್ಣ ಡಿಕ್ಷನರಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಸಸ್ಯರೋಗಗಳ ಪುಸ್ತಕದಲ್ಲಿ, ಕಾಫಿ ಕೃಷಿಯ ಕೈಪಿಡಿಯಲ್ಲಿ, ಶಿಲೀಂಧ್ರಗಳ ಹೆಸರಿನ ಪಟ್ಟಿಯಲ್ಲಿ ನೋಡಿ, ಖಂಡಿತ ಇರುತ್ತದೆ. ಕನ್ನಡದ ಗಾಳಿಗಂಧ ಇಲ್ಲದ ವಿಜ್ಞಾನಿಗಳೂ ಅದನ್ನು ಬರೆದಿದ್ದಾರೆ. ಅದು ಮೂಲತಃ ಯಾವ ಭಾಷೆಯದು ಅಂತ ಯೋಚಿಸದೆಯೇ ಬರೆದಿದ್ದಾರೆ. ಒಂದು ಪದ ಇನ್ನೊಂದು ಭಾಷೆಯಲ್ಲಿ ಬೇರು ಬಿಟ್ಟಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ನನಗೆ ತಿಳಿದಿಲ್ಲ.

ಇಂಗ್ಲಿಷಿನಲ್ಲಿ ಇದರ ಅರ್ಥ ಏನು?

ಎರಡು ಅರ್ಥಗಳಿವೆ. ಒಂದು, ಮಳೆಗಾಲದಲ್ಲಿ ಎಳೆ ಅಡಿಕೆ ಕೊಳೆತು ಉದುರುವ ರೋಗ. ಇನ್ನೊಂದು, ಕಾಫಿ ಗಿಡದ ಎಲೆ, ಕಾಯಿ, ಎಳೆ ರೆಂಬೆ ಕಪ್ಪಾಗಿ ಕೊಳೆಯುವ ರೋಗ.

ಇದಲ್ಲದೆ ಮೂರನೆಯದೂ ಒಂದಿದೆ. ಅದನ್ನು ಅರ್ಥ ಅನ್ನುವುದಕ್ಕಿಂತ ಅಂಕಿತನಾಮ ಅನ್ನಬೇಕು. ಕಾಫಿಯ ರೋಗ ತರುವ ಶಿಲೀಂಧ್ರದ ವೈಜ್ಞಾನಿಕ ಹೆಸರಿನಲ್ಲೇ ಈ ಪದ ಸೇರಿಕೊಂಡಿದೆ. ಆ ಕಥೆ ಮುಂದೆ ಬರುತ್ತದೆ.

ಕೊಳೆ, ರೋಗ ಎರಡೂ ಕನ್ನಡವೇನಾ?

'ಕೊಳೆ' ಅಚ್ಚಗನ್ನಡ. ಅದು ಕ್ರಿಯಾಪದವೂ ಹೌದು, ನಾಮಪದವೂ ಹೌದು. ಹಣ್ಣು ಕೊಳೆಯುತ್ತದೆ, ಬಟ್ಟೆಗೆ ಕೊಳೆ ಆಗುತ್ತದೆ. ಕೊಳಕು ಅನ್ನುವುದು ಅದರ ನೆಂಟ. 'ರೋಗ' ಸಂಸ್ಕೃತದಿಂದ ಬಂದದ್ದು. ಅದರ ಧಾತು 'ರುಜ್'. ಒಡೆಯುವುದು, ನೋಯಿಸುವುದು ಅಂತ ಅದರ ಅರ್ಥ.

ಹಾಗಾಗಿ ಕೊಳೆರೋಗ ಅನ್ನುವುದು ಅರ್ಧ ಕನ್ನಡ, ಅರ್ಧ ಸಂಸ್ಕೃತ. ಹೈಸ್ಕೂಲಿನ ವ್ಯಾಕರಣ ನೆನಪಿದ್ದವರಿಗೆ ತಕ್ಷಣ ಹೊಳೆಯುತ್ತದೆ, ಇದು ಅರಿಸಮಾಸ. ಕನ್ನಡ ಪದವನ್ನೂ ಸಂಸ್ಕೃತ ಪದವನ್ನೂ ಹೀಗೆ ಬೆಸೆಯಬಾರದು ಅಂತ ಹಳೆಯ ವ್ಯಾಕರಣಕಾರರು ಹೇಳಿದ್ದರು. 13ನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಇದರ ವಿಷಯ ಎತ್ತುತ್ತಾನೆ. ಆದರೆ ತೋಟದಲ್ಲಿ ಅಡಿಕೆ ಉದುರುವುದನ್ನು ನೋಡುತ್ತಾ ನಿಂತವನಿಗೆ ಹೆಸರು ಬೇಕು, ಹೆಸರು ಇಟ್ಟ. ಅದು ನಿಂತಿತು.

ಇನ್ನೊಂದು ಮಾತು. ನಮ್ಮ ಊರಲ್ಲಿ ಯಾರೂ 'ಕೊಳೆರೋಗ' ಅಂತ ಪೂರ್ತಿ ಹೇಳುವುದಿಲ್ಲ. 'ಕೊಳೆ ಬಂತು', 'ಮೇಲಿನ ತೋಟಕ್ಕೆ ಕೊಳೆ ಬಿದ್ದಿದೆ', 'ಈ ಸಲ ಕೊಳೆ ಕಮ್ಮಿ', ಇಷ್ಟೇ. 'ರೋಗ' ಸೇರಿಸುವುದು ಜಾಸ್ತಿ ಬರವಣಿಗೆಯಲ್ಲಿ. ಇಂಗ್ಲಿಷಿಗೆ ಹೋದದ್ದು ಆ ಪೂರ್ತಿ ರೂಪ.

ಇಂಗ್ಲಿಷಿಗೆ ಹೋದದ್ದು ಹೇಗೆ?

ಹೋದದ್ದು ಕಾಫಿಯ ಎಲೆಯ ಮೇಲೆ. ಇದು ನನಗೆ ಮೊದಲು ಗೊತ್ತಿರಲಿಲ್ಲ. ಅಡಿಕೆಯಿಂದಲೇ ಹೋಗಿರಬೇಕು ಅಂತ ತಿಳಿದಿದ್ದೆ.

19ನೇ ಶತಮಾನದಲ್ಲಿ ಚಿಕ್ಕಮಗಳೂರು, ಕೊಡಗು ಕಡೆ ಬ್ರಿಟಿಷರು ದೊಡ್ಡ ಕಾಫಿ ತೋಟಗಳನ್ನು ಮಾಡಿದರು. ಅದು ಕಾಫಿ ಬೆಳೆಗಾರರಿಗೆ ಹೆದರಿಕೆಯ ಕಾಲ. 1869ರಲ್ಲಿ ಸಿಲೋನಿನಲ್ಲಿ ಕಾಫಿ ಎಲೆಗೆ ತುಕ್ಕು ರೋಗ ಕಾಣಿಸಿಕೊಂಡಿತ್ತು. ಮುಂದೆ ಅಲ್ಲಿನ ಕಾಫಿ ಬೆಳೆಯೇ ನೆಲಕಚ್ಚಿತು. ಹಾಗಾಗಿ ಎಲೆಯ ಮೇಲೆ ಒಂದು ಕಲೆ ಕಂಡರೂ ಅದನ್ನು ಲಂಡನ್ನಿಗೆ ಕಳಿಸಿ ಕೇಳುವ ಪರಿಪಾಠ ಬೆಳೆದಿತ್ತು.

ಮೈಸೂರು ಸೀಮೆಯಿಂದ ಹೋದ ಕೊಳೆತ ಕಾಫಿ ಎಲೆಗಳು ಮಾರ್ಡಿಕೈ ಕ್ಯೂಬಿಟ್ ಕುಕ್ ಅನ್ನುವವರ ಕೈ ಸೇರಿದವು. ಅವರು ಲಂಡನ್ನಿನ ಇಂಡಿಯಾ ಮ್ಯೂಸಿಯಂನಲ್ಲಿ ಕೆಲಸ ಮಾಡುತ್ತಿದ್ದರು. ಶಿಲೀಂಧ್ರಗಳಲ್ಲಿ ಪರಿಣತರು. 1876ರಲ್ಲಿ ಅವರು ಎಲೆಯ ಮೇಲಿದ್ದ ಶಿಲೀಂಧ್ರಕ್ಕೆ ಒಂದು ಲ್ಯಾಟಿನ್ ಹೆಸರು ಕೊಟ್ಟರು: ಪೆಲ್ಲಿಕ್ಯುಲೇರಿಯ ಕೊಳೆರೋಗ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಕಾಲದಲ್ಲಿ ಹೊಸ ಜೀವಿಗೆ ಹೆಸರಿಡುವವರು ಲ್ಯಾಟಿನ್ನಿನದೋ ಗ್ರೀಕಿನದೋ ಒಂದು ಪದ ತರುತ್ತಿದ್ದರು. ಇಲ್ಲವೇ ಒಬ್ಬ ದೊಡ್ಡ ಮನುಷ್ಯರ ಹೆಸರು ಇಡುತ್ತಿದ್ದರು. ಕುಕ್ ಮಾತ್ರ ಎಲೆಯ ಜೊತೆ ಬಂದ ಹೆಸರನ್ನೇ, ಊರಿನ ಜನ ರೋಗಕ್ಕೆ ಇಟ್ಟದ್ದನ್ನೇ, ಹಾಗೇ ಉಳಿಸಿಕೊಂಡರು. ಅದನ್ನು ಲ್ಯಾಟಿನ್ನಿಗೆ ತಿರುಗಿಸಲಿಲ್ಲ, ಬಾಲ ಸೇರಿಸಲಿಲ್ಲ. ಕಾಫಿ ತೋಟದ ಆಳುಗಳು, ರೈಟರುಗಳು, ಅಕ್ಕಪಕ್ಕದ ಗದ್ದೆಯವರು ಆಡುತ್ತಿದ್ದ ಮಾತು ವಿಜ್ಞಾನದ ಹೆಸರಾಯಿತು. ಆ ಎಲೆಯನ್ನು ಮೊದಲು ನೋಡಿ 'ಇದು ಕೊಳೆ' ಅಂದವರು ಯಾರು ಅಂತ ಯಾವ ಕಾಗದವೂ ಹೇಳುವುದಿಲ್ಲ. ಅವರ ಮಾತು ಮಾತ್ರ ಉಳಿದಿದೆ.

ಹೆಸರಿನ ಪಯಣ ಅಲ್ಲಿಗೆ ಮುಗಿಯಲಿಲ್ಲ. ವಿಜ್ಞಾನಿಗಳು ಈ ಶಿಲೀಂಧ್ರವನ್ನು ಒಂದು ಗುಂಪಿನಿಂದ ಇನ್ನೊಂದಕ್ಕೆ ಸಾಗಿಸುತ್ತಾ ಬಂದರು. ಕಾರ್ಟಿಸಿಯಂ ಕೊಳೆರೋಗ ಅಂತಲೂ ಆಯಿತು. 1958ರಲ್ಲಿ ಡಚ್ ಶಿಲೀಂಧ್ರತಜ್ಞ ಡಾಂಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರು ಕೊಳೆರೋಗ ಅನ್ನುವುದನ್ನು ಕುಲದ ಹೆಸರಾಗಿಯೇ ಮಾಡಿದರು: ಕೊಳೆರೋಗ ನಾಕ್ಸಿಯ. 'ನಾಕ್ಸಿಯ' ಅಂದರೆ ಲ್ಯಾಟಿನ್ನಿನಲ್ಲಿ ಹಾನಿ ಮಾಡುವಂಥದ್ದು. ಮನುಷ್ಯರ ಹೆಸರಿಗೆ ಹೋಲಿಸಿದರೆ, ಮೊದಲು ಕರೆಯುವ ಹೆಸರಾಗಿದ್ದದ್ದು ಆಮೇಲೆ ಮನೆತನದ ಹೆಸರಾದ ಹಾಗೆ. ಈಗ ಕೆಲವು ತಜ್ಞರು ಅದನ್ನು ಸೆರಾಟೊಬೇಸಿಡಿಯಂ ಅನ್ನುವ ಕುಲಕ್ಕೆ ಸೇರಿಸುತ್ತಾರೆ. ಆದರೂ ನಮ್ಮ ದೇಶದ ಕಾಫಿ ಪುಸ್ತಕಗಳಲ್ಲಿ ಕೊಳೆರೋಗ ನಾಕ್ಸಿಯ ಇನ್ನೂ ನಡೆಯುತ್ತಿದೆ.

ಕೊಲಂಬಿಯಾದಂಥ ಸ್ಪ್ಯಾನಿಷ್ ಮಾತಾಡುವ ಕಾಫಿ ನಾಡುಗಳಲ್ಲೂ ಈ ರೋಗ ಇದೆ. ಅಲ್ಲಿಯವರು ಅದನ್ನು ತಮ್ಮ ಭಾಷೆಯಲ್ಲಿ 'ಎಳೆಗಳ ರೋಗ' ಅನ್ನುತ್ತಾರೆ. ಪುಸ್ತಕದಲ್ಲಿ ಅದರ ಪಕ್ಕಕ್ಕೆ ವೈಜ್ಞಾನಿಕ ಹೆಸರು ಬರೆಯುವಾಗ ಮಾತ್ರ ಕನ್ನಡ ಬಂದುಬಿಡುತ್ತದೆ.

ಹಾಗಾದರೆ ಅಡಿಕೆಯ ಕೊಳೆ ಇಂಗ್ಲಿಷಿಗೆ ಯಾವಾಗ ಹೋಯಿತು?

ಅದಕ್ಕೆ ಮುಖ್ಯ ಕಾರಣ ಲೆಸ್ಲಿ ಕೋಲ್ಮನ್. ಅವರು ಕೆನಡಾದವರು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಆಮೇಲೆ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರೂ ಆದರು. ಅವರು ಕೈಗೆತ್ತಿಕೊಂಡ ಮೊದಲ ದೊಡ್ಡ ಕೆಲಸಗಳಲ್ಲಿ ಮಲೆನಾಡಿನ ಅಡಿಕೆ ಕೊಳೆ ಒಂದು. 1910ರಲ್ಲಿ ಅಡಿಕೆ ಮರದ ರೋಗಗಳ ಬಗ್ಗೆ ಅವರ ವರದಿ ಅಚ್ಚಾಯಿತು. ಅದರ ಶೀರ್ಷಿಕೆಯಲ್ಲೇ ಕೊಳೆರೋಗ ಅನ್ನುವ ಪದ ಇದೆ, ಒಂದೇ ಪದವಾಗಿ.

ರೋಗಕ್ಕೆ ಕಾರಣ ಫೈಟಾಫ್ತೊರ ಅನ್ನುವ ಜೀವಿ ಅಂತ ಕೋಲ್ಮನ್ ತೋರಿಸಿದರು. ಅದರ ಒಂದು ಬಗೆಗೆ ಅಡಿಕೆಯ ಹೆಸರನ್ನೇ ಇಟ್ಟು 'ಅರೆಕೆ' ಅಂತ ಕರೆದರು. ಇವತ್ತು ನಮ್ಮ ತೋಟಗಳ ಮಾದರಿ ಪರೀಕ್ಷೆ ಮಾಡಿದಾಗ ಫೈಟಾಫ್ತೊರ ಮೀಡಿಯೈ ಅನ್ನುವ ಹತ್ತಿರದ ಸಂಬಂಧಿಯೂ ಸಿಗುತ್ತದೆ. ಹೆಸರುಗಳು ಬದಲಾಗುತ್ತಾ ಇರುತ್ತವೆ. ಆದರೆ 'ಕೊಳೆ' ಬದಲಾಗಲಿಲ್ಲ.

ನನಗೆ ಕೋಲ್ಮನ್ ಬಗ್ಗೆ ತುಂಬ ಗೌರವ. ಅವರು ರೋಗದ ಹೆಸರನ್ನು ಬೆಳೆಗಾರರಿಂದ ತೆಗೆದುಕೊಂಡರು, ಬದಲಿಗೆ ಅದರಿಂದ ಬೆಳೆ ಉಳಿಸಿಕೊಳ್ಳುವ ದಾರಿಯನ್ನು ಬೆಳೆಗಾರರಿಗೆ ಕೊಟ್ಟರು. ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುವುದು ಮಲೆನಾಡಿನಲ್ಲಿ ನೆಲೆಯಾದದ್ದು ಅವರ ಕೆಲಸದಿಂದ.

ಅಡಿಕೆಯ ಕೊಳೆ, ಕಾಫಿಯ ಕೊಳೆ ಎರಡೂ ಒಂದೇ ರೋಗವಾ? ಇಂಗ್ಲಿಷಿನಲ್ಲಿ ಒಂದೇ ಪದ ಇದೆಯಲ್ಲ?

ಅಲ್ಲ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನೇ ಓದಿ ಅಂತ ಕೇಳಿಕೊಳ್ಳುತ್ತೇನೆ.

ಕಾಫಿಯ ಕೊಳೆ ತರುವುದು ನಿಜವಾದ ಶಿಲೀಂಧ್ರ, ಅಣಬೆಗಳ ದೂರದ ನೆಂಟ. ಮಳೆಗಾಲದಲ್ಲಿ ದಟ್ಟ ನೆರಳಿನ ಕೆಳಗೆ, ಮಂಜು ಕವಿದ ಕಡೆ ಅದು ಜೇಡರಬಲೆಯಂಥ ಎಳೆ ಬಿಡುತ್ತದೆ. ಎಲೆ ಕಪ್ಪಾಗಿ ಕೊಳೆಯುತ್ತದೆ. ರೆಂಬೆಯಿಂದ ಕಳಚಿದರೂ ಕೆಳಗೆ ಬೀಳುವುದಿಲ್ಲ, ಆ ಎಳೆ ಹಿಡಿದು ನೇತಾಡುತ್ತದೆ. ನೇತಾಡುವ ಕಪ್ಪು ಎಲೆ ಕಂಡರೆ ಅದೇ.

ಅಡಿಕೆಯ ಕೊಳೆ ತರುವ ಫೈಟಾಫ್ತೊರ ನೋಡಲು ಶಿಲೀಂಧ್ರದ ಹಾಗಿದೆ, ಅಷ್ಟೇ. ಹುಟ್ಟಿನಲ್ಲಿ ಅದು ಶಿಲೀಂಧ್ರವಲ್ಲ. ಸಮುದ್ರದ ಕಂದು ಪಾಚಿಗಳಿಗೆ ಹತ್ತಿರದ ಜೀವಿ. ಅದರ ಬೀಜಕಣಕ್ಕೆ ಎರಡು ಬಾಲಗಳಿವೆ, ನೀರಿನಲ್ಲಿ ಈಜುತ್ತದೆ. ಅಡಿಕೆಯ ಮೇಲೆ ನಿಂತ ಮಳೆನೀರಿನ ಪದರ ಅದಕ್ಕೆ ಸಾಕು. ಮೊದಲು ತೊಟ್ಟಿನ ಹತ್ತಿರ ನೀರು ಕುಡಿದಂಥ ಕಡುಹಸಿರು ಕಲೆ ಕಾಣುತ್ತದೆ. ಆಮೇಲೆ ಕಾಯಿ ಉದುರುತ್ತದೆ. ಉದುರಿದ ಕಾಯಿ ಎರಡು ಮೂರು ದಿನಕ್ಕೆ ಬಿಳಿ ಬೂಸ್ಟು ಹೊದ್ದುಕೊಳ್ಳುತ್ತದೆ. ಅದೇ ಜೀವಿ ಸುಳಿಗೆ ಇಳಿದರೆ ಮರವೇ ಹೋಗುತ್ತದೆ.

ಹುಟ್ಟು ಬೇರೆ ಆದ ಮೇಲೆ ಔಷಧವೂ ಬೇರೆ ಆಗುತ್ತದೆ. ನಿಜವಾದ ಶಿಲೀಂಧ್ರಕ್ಕೆ ಕೆಲಸ ಮಾಡುವ ಕಾರ್ಬೆಂಡಜಿಮ್ ಫೈಟಾಫ್ತೊರಕ್ಕೆ ತಾಗುವುದಿಲ್ಲ. ಫೈಟಾಫ್ತೊರಕ್ಕೆ ಬಳಸುವ ಮೆಟಲಾಕ್ಸಿಲ್ ಕಾಫಿಯ ಶಿಲೀಂಧ್ರಕ್ಕೆ ತಾಗುವುದಿಲ್ಲ.

ನಮ್ಮ ಮನೆಯಲ್ಲೇ ಆದ ವಿಷಯ ಹೇಳುತ್ತೇನೆ. ಒಂದು ವರ್ಷ ಆಶ್ಲೇಷ ಮಳೆ ಬಿಡದೆ ಹೊಡೆಯಿತು. ಎರಡನೇ ಸಲದ ಬೋರ್ಡೋ ಹೊಡೆಯಲು ಬಿಡುವು ಸಿಗಲಿಲ್ಲ. ಚಿಕ್ಕಪ್ಪ ಮೊಬೈಲಿನಲ್ಲಿ ಇಂಗ್ಲಿಷಿನಲ್ಲಿ ಹುಡುಕಿದರು. ಕೊಳೆರೋಗಕ್ಕೆ ಕಾರ್ಬೆಂಡಜಿಮ್ ಅಂತ ಬಂತು. ಅಂಗಡಿಯವನೂ ಹೂಂ ಅಂದ. ತಂದು ಹೊಡೆಸಿದರು. ಆ ಪುಟ ಕಾಫಿಯ ಕೊಳೆಯದು ಅಂತ ನಮಗೆ ತಿಳಿದದ್ದು ಆಮೇಲೆ. ಅಷ್ಟು ಹೊತ್ತಿಗೆ ಕೆಳಗಿನ ತೋಟದ ಅಡಿಕೆ ಕೊನೆಗಳು (ಗೊಂಚಲುಗಳು) ಬರೀ ಕಡ್ಡಿಯಾಗಿದ್ದವು. ಚಿಕ್ಕಪ್ಪ ಎಲ್ಲವನ್ನೂ ಓದಿಯೇ ಹೊಡೆಸಿದ್ದರು. ಆ ಪುಟದಲ್ಲಿದ್ದದ್ದು ಸುಳ್ಳೂ ಅಲ್ಲ. ಒಂದು ಪದಕ್ಕೆ ಎರಡು ಅರ್ಥ ಇದೆ ಅಂತ ಹೇಳುವವರು ಯಾರೂ ಇರಲಿಲ್ಲ. ನಾನು ಈ ಪದದ ಹಿಂದೆ ಬಿದ್ದದ್ದು ಆ ವರ್ಷದಿಂದ.

ಹಾಗಾಗಿ ಇಂಗ್ಲಿಷಿನಲ್ಲಿ ಹುಡುಕುವಾಗ ಕೊಳೆರೋಗ ಅಂತ ಮಾತ್ರ ಹಾಕಬೇಡಿ. ಜೊತೆಗೆ ಅರೆಕಾ ಅಂತಲೋ ಕಾಫಿ ಅಂತಲೋ ಸೇರಿಸಿ. ಔಷಧ ತರುವ ಮೊದಲು ತೋಟಗಾರಿಕೆ ಇಲಾಖೆಯವರನ್ನೋ ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದವರನ್ನೋ ಒಂದು ಮಾತು ಕೇಳಿ.

ಫೈಟಾಫ್ತೊರ ಅಂದರೆ ಏನು? ಅದೂ ವಿಚಿತ್ರವಾದ ಹೆಸರು.

ಗ್ರೀಕ್ ಪದ. 'ಫೈಟಾನ್' ಅಂದರೆ ಗಿಡ, 'ಫ್ತೊರಾ' ಅಂದರೆ ನಾಶ. ಗಿಡದ ನಾಶಕ. ಜರ್ಮನಿಯ ಆಂಟನ್ ಡಿ ಬಾರಿ ಈ ಹೆಸರು ಕೊಟ್ಟದ್ದು 1876ರಲ್ಲಿ. ಲಂಡನ್ನಿನಲ್ಲಿ ಕುಕ್ ಕಾಫಿಯ ಶಿಲೀಂಧ್ರಕ್ಕೆ ಕೊಳೆರೋಗ ಅಂತ ಹೆಸರಿಟ್ಟ ಅದೇ ವರ್ಷ! ಎರಡು ಹೆಸರುಗಳು ಬೇರೆ ಬೇರೆ ಊರಲ್ಲಿ, ಬೇರೆ ಬೇರೆ ಜೀವಿಗಳಿಗೆ ಹುಟ್ಟಿದವು. ಆಮೇಲೆ 34 ವರ್ಷಕ್ಕೆ ಕೋಲ್ಮನ್ನರ ವರದಿಯಲ್ಲಿ ಒಟ್ಟಿಗೆ ಬಂದವು.

1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಕೊಳೆತು ಸುಮಾರು ಹತ್ತು ಲಕ್ಷ ಜನ ಸತ್ತರಲ್ಲ, ಅದಕ್ಕೂ ಕಾರಣ ಇದೇ ಕುಲದ ಇನ್ನೊಂದು ಜೀವಿ.

ಬೋರ್ಡೋ ಅನ್ನುವುದು ಕನ್ನಡವಾ?

ಎಷ್ಟೋ ಮಕ್ಕಳು ಹಾಗೇ ತಿಳಿದಿದ್ದಾರೆ. ಮನೆಯಲ್ಲಿ ಅಷ್ಟು ಕೇಳಿರುತ್ತಾರೆ. ಅದು ಫ್ರಾನ್ಸಿನ ಒಂದು ಊರು. ಆ ಊರಿನ ಸುತ್ತ ದ್ರಾಕ್ಷಿ ತೋಟಗಳಿವೆ. ರಸ್ತೆ ಪಕ್ಕದ ದ್ರಾಕ್ಷಿಯನ್ನು ದಾರಿಹೋಕರು ಕಿತ್ತುಕೊಳ್ಳಬಾರದು ಅಂತ ಅಲ್ಲಿನ ಬೆಳೆಗಾರರು ಮೈಲುತುತ್ತ ಮತ್ತು ಸುಣ್ಣ ಕಲಸಿ ಬಳ್ಳಿಗೆ ಎರಚುತ್ತಿದ್ದರು. ಹಾಗೆ ಎರಚಿದ ಬಳ್ಳಿಗೆ ರೋಗ ಬಂದಿರಲಿಲ್ಲ. ಇದನ್ನು ಗಮನಿಸಿದವರು ಅಲೆಕ್ಸಿ ಮಿಲಾರ್ಡೆ. 1885ರಲ್ಲಿ ಅವರು ಅದನ್ನು ಪ್ರಕಟಿಸಿದರು. 25 ವರ್ಷದೊಳಗೆ ಅದು ಮಲೆನಾಡಿಗೆ ಬಂತು.

ನಮ್ಮಲ್ಲಿ ಮಾಡುವ ಲೆಕ್ಕ ಗೊತ್ತಲ್ವಾ? ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ 50 ಲೀಟರಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ತಿರುಗಾಮುರುಗಾ ಮಾಡಬಾರದು. ಹೊಳೆಯುವ ಕತ್ತಿಯ ತುದಿ ಅದ್ದಿ ನೋಡಬೇಕು. ಅದರ ಮೇಲೆ ಕೆಂಪು ಕೂತರೆ ತಾಮ್ರ ಬಿಟ್ಟಿದೆ ಅಂತ ಅರ್ಥ, ಇನ್ನಷ್ಟು ಸುಣ್ಣ ಹಾಕಬೇಕು. ಮಳೆಗೆ ತೊಳೆದು ಹೋಗದಂತೆ ರಾಳದ ಅಂಟು ಸೇರಿಸುವವರೂ ಇದ್ದಾರೆ. ಮಳೆ ಹಿಡಿಯುವ ಮೊದಲು ಒಂದು ಸಲ, ಅಲ್ಲಿಂದ 40–45 ದಿನಕ್ಕೆ ಇನ್ನೊಂದು ಸಲ ಹೊಡೆಯಬೇಕು. ತಾಮ್ರ ಬೀಜಕಣವನ್ನು ಕಾಯಿಯ ಹೊರಗೇ ಕೊಲ್ಲುತ್ತದೆ. ಒಳಗೆ ಹೋದ ಮೇಲೆ ಅದರ ಕೈಲಿ ಆಗುವುದಿಲ್ಲ. ಅದಕ್ಕೇ ಮೊದಲೇ ಹೊಡೆಯಬೇಕು ಅಂತ ಹಿರಿಯರು ಅಷ್ಟು ಒತ್ತಿ ಹೇಳುವುದು.

ಹೀಗೆ ಫ್ರಾನ್ಸಿನ ಊರಿನ ಹೆಸರು ನಮ್ಮ ಮಾತಿಗೆ ಬಂತು. ನಮ್ಮ ತೋಟದ ಮಾತು ಯುರೋಪಿಗೆ ಹೋಯಿತು. ನನಗೆ ಇದು ತುಂಬ ಇಷ್ಟ.

ಇಂಗ್ಲಿಷಿನಲ್ಲಿ ಇದನ್ನು ಹೇಗೆ ಉಚ್ಚರಿಸುತ್ತಾರೆ?

ಇಂಗ್ಲಿಷಿನಲ್ಲಿ ಳ ಇಲ್ಲ. ಹಾಗಾಗಿ ಲ ಆಗುತ್ತದೆ. ಹ್ರಸ್ವ 'ಕೊ' ದೀರ್ಘ ಆಗಿ 'ಕೋಲೆರೋಗಾ' ಅಂತ ಕೇಳುತ್ತದೆ. ಕನ್ನಡ ಬಲ್ಲವರು ಇಂಗ್ಲಿಷ್ ವಾಕ್ಯದ ನಡುವೆಯೂ 'ಕೊಳೆರೋಗ' ಅಂತಲೇ ಅನ್ನಿ. ಅದರಲ್ಲಿ ಏನೂ ತಪ್ಪಿಲ್ಲ.

'ಕೊಳೆರೋಗ ಡಿಸೀಸ್' ಅಂತ ಬರೆಯಬಹುದಾ?

ಬೇಡ. 'ರೋಗ' ಆಗಲೇ ಒಳಗಿದೆ. 'ಕೊಳೆರೋಗ ರೋಗ' ಅಂದ ಹಾಗಾಗುತ್ತದೆ. ಕನ್ನಡ ತಿಳಿಯದವರು ಹಾಗೆ ಬರೆದದ್ದು ಸಿಗುತ್ತದೆ, ಅವರ ತಪ್ಪಲ್ಲ. ನಮ್ಮ ಮಕ್ಕಳು ಬರೆಯಬಾರದು.

ಕರಾವಳಿಯವರು ಇದನ್ನು ಬೇರೆ ಹೆಸರಿನಿಂದ ಕರೆಯುತ್ತಾರಲ್ಲ?

ಹೌದು, ಘಟ್ಟದ ಕೆಳಗೆ 'ಮಹಾಳಿ' ಅನ್ನುತ್ತಾರೆ. ದಕ್ಷಿಣ ಕನ್ನಡದ ಮನೆಗೆ ಹೋಗಿ ಕೊಳೆ ಅಂದರೂ ಅರ್ಥ ಆಗುತ್ತದೆ, ಆದರೆ ಬಾಯಿಗೆ ಮೊದಲು ಬರುವುದು ಮಹಾಳಿ. ಇಂಗ್ಲಿಷ್ ಲೇಖನಗಳಲ್ಲಿ ಎಷ್ಟೋ ಕಡೆ ಎರಡನ್ನೂ ಪಕ್ಕಪಕ್ಕ ಬರೆಯುತ್ತಾರೆ. ಕೊಳೆರೋಗವೇ ಮುಂದೆ ನಿಂತದ್ದಕ್ಕೆ ಕಾರಣ ಸರಳ ಅಂತ ನನಗೆ ಅನ್ನಿಸುತ್ತದೆ. ಮೊದಲ ಸಂಶೋಧನೆ ನಡೆದದ್ದು ಮೈಸೂರು ಸಂಸ್ಥಾನದಲ್ಲಿ. ಆಗ ಕರಾವಳಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು.

ಇಂಗ್ಲಿಷಿನವರು ಸುಮ್ನೆ ತಮ್ಮದೇ ಒಂದು ಹೆಸರು ಇಡಬಹುದಿತ್ತಲ್ಲ?

ಇಟ್ಟಿದ್ದಾರೆ. ಅಡಿಕೆಯದಕ್ಕೆ 'ಕಾಯಿ ಕೊಳೆತ' ಅನ್ನುವ ಅರ್ಥದ ಇಂಗ್ಲಿಷ್ ಹೆಸರಿದೆ, ಕಾಫಿಯದಕ್ಕೆ 'ಕಪ್ಪು ಕೊಳೆತ' ಅನ್ನುವಂಥದ್ದಿದೆ. ಈಗಿನ ಲೇಖನಗಳಲ್ಲಿ ಅವೇ ಜಾಸ್ತಿ ಕಾಣುತ್ತವೆ. ಆದರೆ ಆ ಹೆಸರುಗಳು ಯಾವ ಹಣ್ಣಿಗೂ ಯಾವ ಎಲೆಗೂ ಹೊಂದುತ್ತವೆ. ಮಾವು ಕೊಳೆತರೂ ಕಾಯಿ ಕೊಳೆತವೇ. ಕೊಳೆರೋಗ ಅಂದರೆ ಮಳೆ ಹಿಡಿದ ಘಟ್ಟದ ತೋಟವೇ ಕಣ್ಣಿಗೆ ಬರುತ್ತದೆ. ಹದಿನೈದು ದಿನ ಬಿಡದೆ ಸುರಿದು, ಮಧ್ಯೆ ಒಂದೆರಡು ಗಂಟೆ ಬಿಸಿಲು ತೋರಿಸಿ, ಮತ್ತೆ ಹಿಡಿಯುವ ಮಳೆ ಇದೆಯಲ್ಲ, ಕೊಳೆ ಬರುವುದು ಅದರಲ್ಲಿ. ಆಗುಂಬೆಯ ಕಡೆಯ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೀಗೆ ಮಲೆನಾಡಿನಿಂದ ಇಂಗ್ಲಿಷಿಗೆ ಹೋದ ಬೇರೆ ಪದಗಳಿವೆಯಾ?

ಇವೆ, ಮತ್ತು ಹೆಚ್ಚಿನವು ಬೆಳೆಯ ರೋಗಗಳ ಹೆಸರೇ. ಅಡಿಕೆ ಮರದ ಬುಡದಲ್ಲಿ ಅಣಬೆ ಎದ್ದು ಮರ ಸಾಯುವ ರೋಗ ಇದೆ. ಇಂಗ್ಲಿಷ್ ಪುಸ್ತಕಗಳು ಅದನ್ನು 'ಅಣಬೆ ರೋಗ' ಅಂತಲೇ ಬರೆಯುತ್ತವೆ. ಸೋಗೆ ಗಿಡ್ಡವಾಗಿ ಮುದುಡಿಕೊಂಡು ಮರ ಫಸಲು ಬಿಡುವುದು ನಿಂತರೆ 'ಹಿಡಿಮುಂಡಿಗೆ'. ಅದೂ ಹಾಗೇ ಹೋಗಿದೆ. ಏಲಕ್ಕಿಯಲ್ಲಿ 'ಕೊಕ್ಕೆ ಕಂದು' ಅಂತ ಒಂದು ವೈರಸ್ ರೋಗ. ಹೊಸ ಕಂದು, ಅಂದರೆ ಬುಡದಿಂದ ಏಳುವ ಮರಿ, ಕೊಕ್ಕೆಯ ಹಾಗೆ ಬಾಗಿಕೊಂಡು ಬರುತ್ತದೆ. ಎಷ್ಟು ಕರಾರುವಾಕ್ಕಾದ ಹೆಸರು ನೋಡಿ! ವೈರಸ್ಸನ್ನು ಯಾರೂ ಕಣ್ಣಿಂದ ಕಾಣಲಾರರು. ಗಿಡ ಹೇಗೆ ಕಾಣುತ್ತದೆ ಅನ್ನುವುದನ್ನು ಬೆಳೆಗಾರ ಎರಡೇ ಪದದಲ್ಲಿ ಹೇಳಿಬಿಟ್ಟಿದ್ದಾನೆ.

ಊರಿನ ಹೆಸರು ಹೋದದ್ದೂ ಇದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತವು, ಜನಕ್ಕೂ ಜ್ವರ ಬಂತು. ನಾವು ಮಂಗನ ಕಾಯಿಲೆ ಅನ್ನುವುದನ್ನು ಜಗತ್ತಿನ ವೈದ್ಯರೆಲ್ಲ ಕ್ಯಾಸನೂರು ಕಾಡಿನ ಕಾಯಿಲೆ ಅನ್ನುತ್ತಾರೆ. ಆ ಊರಿನವರಿಗೆ ಇದು ಬೇಡದ ಹೆಸರು ಅಂತ ನನಗೆ ಅನ್ನಿಸಿದೆ. ಕೊಳೆರೋಗದ ಹೆಸರು ಯಾವ ಊರಿಗೂ ಅಂಟಿಕೊಳ್ಳಲಿಲ್ಲ.

ಅರೆಕಾ ಅನ್ನುವುದಕ್ಕೂ ಅಡಿಕೆಗೂ ಸಂಬಂಧ ಇದೆಯಾ?

ಇದೆ. ಎರಡೂ ಒಂದೇ ಪದ. ಪೋರ್ಚುಗೀಸರು ಪಶ್ಚಿಮ ಕರಾವಳಿಯಲ್ಲಿ ಕೇಳಿದ್ದು ಮಲೆಯಾಳದ 'ಅಡಕ್ಕ'. ಅದು ನಮ್ಮ ಅಡಿಕೆಯ ಒಡಹುಟ್ಟು. ಅವರ ಬಾಯಲ್ಲಿ ಡಕಾರ ರಕಾರವಾಗಿ 'ಅರೆಕಾ' ಆಯಿತು. 1753ರಲ್ಲಿ ಲಿನೇಯಸ್ ಅಡಿಕೆ ಮರಕ್ಕೆ ಅರೆಕಾ ಕ್ಯಾಟೆಚು ಅಂತ ಹೆಸರಿಟ್ಟರು. 'ಕ್ಯಾಟೆಚು'ವಿನ ಒಳಗಿರುವುದು ಎಲೆಗೆ ಹಚ್ಚುವ ಕಾಚು.

ಇನ್ನೂ ದೊಡ್ಡ ವಿಷಯ ಇದೆ. ತೆಂಗು, ಈಚಲು, ಬಗನಿ, ತಾಳೆ ಎಲ್ಲ ಸೇರಿದ ಇಡೀ ಕುಟುಂಬಕ್ಕೆ ಸಸ್ಯಶಾಸ್ತ್ರದಲ್ಲಿ ಅರೆಕೇಸಿ ಅನ್ನುತ್ತಾರೆ. ಅಂದರೆ ಅಡಿಕೆಯ ಕುಟುಂಬ. ಎರಡೂವರೆ ಸಾವಿರದಷ್ಟು ಜಾತಿಯ ಮರಗಳು ಅದರಲ್ಲಿವೆ.

ಶಿವಮೊಗ್ಗದ ನರ್ಸರಿಗಳಲ್ಲಿ 'ಅರೆಕಾ ಪಾಮ್' ಅಂತ ಕುಂಡದಲ್ಲಿ ಇಟ್ಟು ಮಾರುವ ಗಿಡ ಮಾತ್ರ ಅಡಿಕೆ ಅಲ್ಲ. ಅದು ಮಡಗಾಸ್ಕರಿನ ಅಲಂಕಾರದ ಗಿಡ. ಒಂದು ಕಾಲದಲ್ಲಿ ಅದನ್ನೂ ಅರೆಕಾ ಕುಲಕ್ಕೆ ಸೇರಿಸಿದ್ದರು, ಆ ಹೆಸರು ಅಂಗಡಿಯಲ್ಲಿ ಉಳಿದುಬಿಟ್ಟಿದೆ.

ಬೋರ್ಡೋ ಬರುವ ಮೊದಲು ಕೊಳೆಗೆ ಏನು ಮಾಡುತ್ತಿದ್ದರು? ಅದಕ್ಕೂ ಪದ ಇದೆಯಾ?

'ಕೊಟ್ಟೆ ಕಟ್ಟುವುದು'. ಅಡಿಕೆ ಹಾಳೆಯಿಂದಲೋ ಕರಡದ ಹುಲ್ಲಿನಿಂದಲೋ ಕೊಟ್ಟೆ ಮಾಡಿ, ಮರ ಹತ್ತಿ, ಒಂದೊಂದು ಕೊನೆಗೂ ಕೊಡೆ ಹಿಡಿದ ಹಾಗೆ ಕಟ್ಟುತ್ತಿದ್ದರು. ಮಳೆಹನಿ ಕಾಯಿಗೆ ತಾಗದಿದ್ದರೆ ಕೊಳೆ ಬರುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಬೀಜಕಣಕ್ಕೆ ಬಾಲ ಇದೆ, ಅದು ಈಜುತ್ತದೆ ಅಂತ ಯಾರೂ ಹೇಳದೆಯೇ ಗೊತ್ತಿತ್ತು. ಆಮೇಲೆ ಕೆಲವರು ಪ್ಲಾಸ್ಟಿಕ್ ಕೊಟ್ಟೆಯನ್ನೂ ಕಟ್ಟಿದರು.

ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಲೆಕ್ಕದ ಪುಸ್ತಕ ಇದ್ದರೆ ದಯವಿಟ್ಟು ಬಿಡಿಸಿ ನೋಡಿ. ಜೂನ್, ಜುಲೈ ಪುಟಗಳನ್ನು ನೋಡಿ. ನಮ್ಮ ಅಜ್ಜನ ಪುಸ್ತಕದಲ್ಲಿ ಮೊದಲ ಕೆಲವು ವರ್ಷ 'ಕೊಟ್ಟೆ ಕೂಲಿ' ಅಂತ ಇದೆ. ಒಂದು ವರ್ಷ ಅದರ ಕೆಳಗೆ ಬೇರೆ ಶಾಯಿಯಲ್ಲಿ 'ಮೈಲುತುತ್ತ' ಅಂತ ಬರೆದಿದ್ದಾರೆ. ಮುಂದಿನ ಪುಟಗಳಲ್ಲಿ ಕೊಟ್ಟೆ ಕೂಲಿ ಇಲ್ಲ.